ಅಳಿಯನಿಗೆ ಯಾರೂ ಅಡ್ಡ ಬರಲಿಲ್ಲ

ಫುಟ್‌ಬಾಲಿನಲ್ಲಿ ನನ್ನದು ನಡುವಿನ ಜಾಗ. ಈಗಿನವರು ಮಿಡ್‌ಫೀಲ್ಡರ್ ಅನ್ನುತ್ತಾರೆ. ಎಂಬತ್ತರ ದಶಕದ ಲಿಂಗಸುಗೂರಿನಲ್ಲಿ ನಮ್ಮನ್ನು ಹಾಫ್ ಅನ್ನುತ್ತಿದ್ದರು. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡಬೇಕು, ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳಬೇಕು, ಎಲ್ಲರಿಗಿಂತ ಹೆಚ್ಚು ಓಡಬೇಕು, ಎಲ್ಲರಿಗಿಂತ ಕಡಿಮೆ ಹೊಗಳಿಸಿಕೊಳ್ಳಬೇಕು. ಇಷ್ಟನ್ನು ನಮ್ಮವ್ವನಿಗೆ ತಿಳಿಸಿ ಹೇಳಲು ಹೋಗಿ ನಾನು ಎಷ್ಟು ಸಲ ಸೋತಿದ್ದೇನೋ.

"ಗೋಲು ಹೊಡಿಯಾವ ನೀನಾ?" ಎಂದು ಕೇಳುತ್ತಿದ್ದಳು.

"ಅಲ್ಲ ಬೇ."

"ಮತ್ತ ಗೋಲಿನ್ಯಾಗ ನಿಂತು ಹಿಡಿಯಾವ?"

"ಅವನೂ ಅಲ್ಲ."

"ಹಂಗಾರ ನಡುವ ಏನ್ ಮಾಡ್ತಿ? ಸುಮ್ನ ಅಡ್ಡಾಡತಿ?"

ಓಣಿಯ ಹೆಂಗಸರು ಕೇಳಿದರೂ ಅದನ್ನೇ ಹೇಳುತ್ತಿದ್ದಳು. ನಮ್ಮ ಹುಡುಗ ಅಲ್ಲಿ ನಡುವ ಅಡ್ಡಾಡತಾನ ಅಂತ. ಬೆವರು ಸುರಿಸಿಕೊಂಡು ಮನೆಗೆ ಬಂದರೆ, ಅಡ್ಡಾಡಿದ್ದಕ್ಕೆ ಇಷ್ಟು ಬೆವರು ಯಾಕೆ ಎಂದು ಅವಳಿಗೆ ಆಶ್ಚರ್ಯ.

ಆಟ ಕಲಿತದ್ದು ಗಣಿಯ ಊರಿನಲ್ಲಿ. ಸೋದರಮಾವ ಅಲ್ಲಿ ಕೆಲಸಕ್ಕಿದ್ದ. ರಜೆಯಲ್ಲಿ ಹೋಗಿ ಉಳಿದುಕೊಂಡರೆ, ಸಂಜೆ ಗಣಿಯಿಂದ ಮೇಲೆ ಬಂದವರು ಮೈಕೈ ತೊಳೆದುಕೊಂಡು ಚೆಂಡು ಹಿಡಿದು ಬರುತ್ತಿದ್ದರು. ಅವರು ಕಾಲು ಹಾಕಿದರೆ ಹಾಕಿದರು. ಬಿದ್ದವನನ್ನು ಎಬ್ಬಿಸಿ, ಬೆನ್ನು ತಟ್ಟಿ, ಮತ್ತೆ ಕೆಡವುತ್ತಿದ್ದರು. ಆಟ ಎಂದರೆ ಎಲ್ಲ ಕಡೆ ಹೀಗೇ ಇರುತ್ತದೆ ಎಂದು ನಾನು ತಿಳಿದುಕೊಂಡಿದ್ದೆ. ಎಂಥ ದಡ್ಡ.

ಲಿಂಗಸುಗೂರಿನ ತಂಡ ಸೇರಿದ ವರ್ಷಗಳಲ್ಲೇ ಬಜಾರಿನ ಒಂದು ರೇಡಿಯೋ ರಿಪೇರಿ ಅಂಗಡಿಗೆ ಟಿವಿ ಬಂತು. ಅದರಲ್ಲಿ ಒಂದು ಸಲ ಕೊರಿಯಾದವರ ಆಟ ತೋರಿಸಿದರು. ಚಿತ್ರ ಕುಣಿಯುತ್ತಿತ್ತು, ಒಬ್ಬ ಆಂಟೆನಾ ಹಿಡಿದುಕೊಂಡು ಮಾಳಿಗೆಯ ಮೇಲೆ ನಿಂತಿದ್ದ. ಆದರೂ ಅವರ ತಂಡದ ನಡುವಿನ ಆಟಗಾರನೊಬ್ಬ ನನ್ನ ಕಣ್ಣಿಗೆ ಬಿದ್ದ. ತಂಡ ಸೋಲುತ್ತಿತ್ತು. ಅವನು ಮಾತ್ರ ಆಗಷ್ಟೇ ಆಟ ಸುರುಮಾಡಿದವನಂತೆ ಹಿಂದಕ್ಕೂ ಮುಂದಕ್ಕೂ ಓಡುತ್ತಿದ್ದ. ಅಂಗಡಿ ಮುಂದೆ ಸೇರಿದವರೆಲ್ಲ ಗೋಲು ನೋಡುತ್ತಿದ್ದರು, ನಾನೊಬ್ಬನೇ ಅವನನ್ನು ನೋಡುತ್ತಿದ್ದೆ. ಅವ್ವನನ್ನು ಕರೆತಂದು ತೋರಿಸಬೇಕಿತ್ತು ಅನ್ನಿಸಿತು. ಅವನ ಹೆಸರು ನಾಲಿಗೆಗೆ ಹೊರಳಲಿಲ್ಲ, ನೆನಪಿನಲ್ಲೂ ಉಳಿಯಲಿಲ್ಲ. ಎಷ್ಟೋ ದಿನಗಳ ಮೇಲೆ ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದದಲ್ಲಿ ಅವನ ಚಿತ್ರ ಸಿಕ್ಕಿತು. ಆಟ ಬಿಟ್ಟು ಕೋಚ್ ಆಗಿದ್ದಾನೆ ಎಂದು ಬರೆದಿತ್ತು. ಎಣ್ಣೆ ಹತ್ತಿದ ಆ ಚಿತ್ರವನ್ನು ಗೋಡೆಗೆ ಅಂಟಿಸಿದೆ. ಮದುವೆಯಾದ ಮೇಲೆ ನನ್ನ ಹೆಂಡತಿ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದಳು. ಗೋಡೆಗೆ ಎಣ್ಣೆ ಜಿಡ್ಡು ಕಾಣುತ್ತದೆಂದು ಕಾರಣ ಕೊಟ್ಟಳು.

ಆ ಮದುವೆಯಿಂದಲೇ ನನ್ನ ಆಟಕ್ಕೆ ಕುತ್ತು ಬಂತು. ಹೆಂಡತಿಯದು ಏನೂ ತಪ್ಪಿಲ್ಲ. ತಪ್ಪು ಅವಳ ತವರೂರಿನದು. ಅವಳು ಪಾಮನಕಲ್ಲೂರಿನವಳು. ಪಾಮನಕಲ್ಲೂರಿನಲ್ಲಿಯೂ ಒಂದು ಫುಟ್‌ಬಾಲ್ ತಂಡವಿತ್ತು. ತಂಡ ಎಂದರೆ ನನ್ನ ಹೆಂಡತಿಯ ಅಣ್ಣತಮ್ಮಂದಿರು, ಅವಳ ಕಾಕನ ಮಕ್ಕಳು, ಉಳಿದ ಜಾಗಕ್ಕೆ ಅದೇ ಓಣಿಯ ಹುಡುಗರು. ಹೆಣ್ಣು ಕೊಟ್ಟವರು ಒಬ್ಬರಾದರೂ ಅಳಿಯ ಮಾತ್ರ ಊರಿಗೆಲ್ಲ ಅಳಿಯ. ನಾನು ಬಸ್ಸಿಳಿದರೆ ಚಹಾದ ಅಂಗಡಿಯವನೂ ಬೆಂಚು ಒರೆಸುತ್ತಿದ್ದ.

ನಮ್ಮ ಕಡೆ ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಯೋಚನೆ ಮಾಡಿ ಮಾಡುವ ಕೆಲಸವಲ್ಲ ಅದು, ಕೈ ತಾನಾಗಿಯೇ ಹೋಗುತ್ತದೆ. ಬಸ್ಸಿನಲ್ಲಿ ಗುರುತಿಲ್ಲದವರಿಗೆ ತಾಗಿದರೂ ಹೋಗುತ್ತದೆ. ಇನ್ನು ಮನೆಯ ಅಳಿಯನಿಗೆ, ಅದೂ ಹೊಸ ಅಳಿಯನಿಗೆ, ಬೇಕೆಂದೇ ಕಾಲು ಅಡ್ಡ ಕೊಡುವುದು ಎಂದರೆ ಏನು? ಫುಟ್‌ಬಾಲ್ ಎಂದರೆ ಅದೇ. ಈ ಎರಡನ್ನೂ ಕಂಡುಹಿಡಿದವರು ಒಂದು ಸಲ ಕೂತು ಮಾತಾಡಬೇಕಿತ್ತು.

ಆ ವರ್ಷ ಜಿಲ್ಲಾ ತಂಡಕ್ಕೆ ಆಟಗಾರರನ್ನು ಆರಿಸಲು ರಾಯಚೂರಿನಿಂದ ಒಬ್ಬ ಹಿರಿಯರು ಬರುವವರಿದ್ದರು. ನನ್ನ ಹೆಸರು ಅವರ ಕಿವಿಗೆ ಬಿದ್ದಿತ್ತು. ಇದ್ದುದೊಂದೇ ಆಟ, ಅದೂ ಪಾಮನಕಲ್ಲೂರಿನ ಮೇಲೆ, ಅವರದೇ ನೆಲದಲ್ಲಿ. ಜೋಳ ಕೊಯ್ದ ಎರೆ ಹೊಲವನ್ನು ಕುಂಟೆ ಹೊಡೆದು ಮಟ್ಟ ಮಾಡಿದ್ದರು. ಬೇವಿನ ಗಿಡದ ಕೆಳಗೆ ಹೊರಸು ಹಾಕಿಸಿಕೊಂಡು ನಮ್ಮ ಮಾವ ಕೂತಿದ್ದ, ಪಕ್ಕದಲ್ಲಿ ಆರಿಸಲು ಬಂದವರಿಗೆ ಕುರ್ಚಿ. ಊರಿನ ಗಂಡಸರೆಲ್ಲ ಬಂದಿದ್ದರು.

ಸೀಟಿ ಊದಿದರು. ಚೆಂಡು ನನ್ನ ಕಾಲಿಗೆ ಬಂತು. ಎದುರಿಗೆ ನನ್ನ ಹೆಂಡತಿಯ ತಮ್ಮ. ಗಟ್ಟಿ ಆಳು, ಕಣದಲ್ಲಿ ತೆನೆ ತುಳಿಸುವ ಹಂತಿ ಹೊಡೆಯುವಾಗ ಎತ್ತಿನ ಜೊತೆ ತಾನೂ ಓಡುವವನು. ನಾನು ಎಡಕ್ಕೆ ಬಾಗಿದಂತೆ ಮಾಡಿ ಬಲಕ್ಕೆ ಹೊರಳಲು ತಯಾರಾದೆ. ಅವನು ಒಂದು ಹೆಜ್ಜೆ ಸರಿದು ನಿಂತು, ಮನೆಯೊಳಗೆ ಕರೆಯುವವರಂತೆ ಕೈ ಚಾಚಿದ.

"ಬರ್ರಿ ಮಾಮಾ, ಬರ್ರಿ."

ನಾನು ದಾಟಿ ಹೋದೆ. ಹಿಂದೆ ಅವರ ಕಾಕನ ಮಗನಿದ್ದ, ಅವನೂ ಸರಿದ. ಮುಂದಿನ ಸಲವೂ ಅದೇ. ಒಬ್ಬ ಮಾತ್ರ ಆಟದ ಹುರುಪಿನಲ್ಲಿ ಮೈಮರೆತು ಕಾಲು ಹಾಕಿದ. ಅವನ ಪಾದ ನನ್ನ ಪಾದಕ್ಕೆ ತಾಗಿತು. ಚೆಂಡು ಅವನಿಗೇ ಸಿಕ್ಕಿತ್ತು. ಅದನ್ನು ಅಲ್ಲೇ ಬಿಟ್ಟು, ಬಾಗಿ ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಮ್ಮವನೊಬ್ಬ ಆ ಚೆಂಡು ತೆಗೆದುಕೊಂಡು ಹೋಗಿ ಗೋಲು ಹಾಕಿದ.

"ಲೇ, ಅಡ್ಡ ಬರ್ರಲೇ" ಎಂದು ಹೆಂಡತಿಯ ತಮ್ಮನಿಗೆ ಹಲ್ಲು ಕಚ್ಚಿ ಹೇಳಿದೆ. "ನನ್ನ ನೋಡಾಕ ಬಂದಾರ ಅಲ್ಲಿ."

"ಹ್ಯಾಂಗ್ ಬರೂನ್ರಿ ಮಾಮಾ? ಅಪ್ಪ ಅಲ್ಲೇ ಕುಂತಾನ. ಅಕ್ಕನ ಮಾರಿ ಹ್ಯಾಂಗ ನೋಡೂದು ಆಮ್ಯಾಲ?"

ಕೊನೆಗೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಯಾರಿಗೂ ಚೆಂಡು ಕೊಡದೆ ನೆಟ್ಟಗೆ ನಡೆದೇ ಹೋದೆ. ಓಡಲೂ ಇಲ್ಲ. ಒಬ್ಬನಾದರೂ ತಡೆಯಲಿ ಎಂದು ನಡೆದೆ. ಬಾಗಿಲು ತೆರೆದಂತೆ ಸಾಲು ತೆರೆಯಿತು, ಗೋಲಿನಲ್ಲಿ ನಿಂತವನೂ ಕಂಬಕ್ಕೆ ಒರಗಿಕೊಂಡ. ಜೀವಮಾನದಲ್ಲಿ ನಾನು ಹಾಕಿದ ಒಂದೇ ಗೋಲು ಅದು. ತಮ್ಮ ಊರು ಸೋಲುತ್ತಿದ್ದರೂ ಪಾಮನಕಲ್ಲೂರಿನ ಜನ ಕೈ ತಟ್ಟಿದರು. ಮಾವ ರುಮಾಲು ಸರಿಮಾಡಿಕೊಂಡು ಪಕ್ಕದವರ ಕಡೆ ನೋಡಿದ, ನಮ್ಮ ಅಳಿಯ ಎನ್ನುವಂತೆ.

ಆರಿಸಲು ಬಂದ ಹಿರಿಯರು ಆಟ ಮುಗಿದ ಮೇಲೆ ನನ್ನನ್ನು ಕರೆದರು. ಒಳ್ಳೆಯ ಮನುಷ್ಯ, ಕೆಟ್ಟದಾಗಿ ಹೇಳಲಿಲ್ಲ. "ನೀವು ಚಲೋ ಆಡತೀರೋ ಇಲ್ಲೋ ನನಗ ತಿಳೀಲೇ ಇಲ್ರಿ" ಎಂದರು. "ನಿಮಗ ಯಾರೂ ಅಡ್ಡನ ಬರಲಿಲ್ಲ. ಮುಂದಿನ ವರ್ಷ ನೋಡೂಣು."

ಸಂಜೆ ಮಾವನ ಮನೆಯಲ್ಲಿ ಹೋಳಿಗೆ ಊಟ. ಅಳಿಯ ಗೆದ್ದಿದ್ದಾನಲ್ಲ. ಸೋತವರೆಲ್ಲ ನಗುನಗುತ್ತ ಸಾಲಾಗಿ ಕೂತಿದ್ದರು. "ಅಳಿಯಂದ್ರ, ಇವತ್ತು ಭಾರಿ ಆಡಿದ್ರಿ ನೋಡ್ರಿ" ಎಂದ ಮಾವ. ನನ್ನ ಹೆಂಡತಿ ತಾಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಗೆ ಇನ್ನೂ ಹೂರಣ ಹತ್ತಿತ್ತು. ಹಸಿವಿಲ್ಲ ಎಂದು ಹೇಳಿ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ. ಹೊಟ್ಟೆ ಉರಿಯುತ್ತಿತ್ತು, ಹಸಿವೂ ಇತ್ತು.

ಮುಂದಿನ ವರ್ಷ ಬರಲೇ ಇಲ್ಲ. ಬೇಸಗೆಯ ಎರೆ ನೆಲದ ಬಿರುಕಿನಲ್ಲಿ ಕಾಲು ಸಿಕ್ಕಿಕೊಂಡು ಮೊಣಕಾಲು ತಿರುಚಿತು. ನೆಟ್ಟಗೆ ನಡೆಯಲು ಬಂದಾಗ ಓಡಲು ಬರುತ್ತಿರಲಿಲ್ಲ. ನಾನು ಆಟಗಾರನಾಗಿದ್ದೆನೋ ಇಲ್ಲವೋ ಎಂಬುದು ತೀರ್ಮಾನವಾಗದೆ ಹಾಗೇ ಉಳಿಯಿತು. ಅದರ ಮೇಲೆ ಅವ್ವನ ಮಾತು ಬೇರೆ. "ಅಡ್ಡಾಡೂದು ಬಿಟ್ಟಿ, ಚಲೋ ಆತು."

ಕೊರಿಯಾದವನು ಕೋಚ್ ಆದ, ನಾನೂ ಆದೆ. ಅವನಿಗೆ ಏನೇನು ಸಿಕ್ಕಿತೋ ಗೊತ್ತಿಲ್ಲ. ನನಗೆ ಸಿಕ್ಕಿದ್ದು ಸಿಂಧನೂರು ಕಡೆಯ ವಳಕಮದಿನ್ನಿ ಎಂಬ ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರಿಕೆ, ಒಂದು ಸೀಟಿ ಮತ್ತು ಗಾಳಿ ನಿಲ್ಲದ ಒಂದು ಚೆಂಡು. ಪಿ.ಟಿ. ಮಾಸ್ತರ ಎಂದರೆ ಗಂಟೆ ಬಾರಿಸುವವನು, ಬೆಂಚು ಹೊರಿಸುವವನು, ಸೂಜಿ ಹಾಕಿಸುವ ದಿನ ಅಳುವ ಮಕ್ಕಳನ್ನು ಹಿಡಿದು ತರುವವನು. ಇವೆಲ್ಲ ಮುಗಿದು ಸಂಜೆ ಉಳಿದ ಹೊತ್ತಿನಲ್ಲಿ ವಳಕಮದಿನ್ನಿಯ ಹುಡುಗರಿಗೆ, ಅಂದರೆ ಶಾಲೆ ಬಿಟ್ಟು ಗದ್ದೆಗೆ ಇಳಿದ ದೊಡ್ಡ ಹುಡುಗರಿಗೆ, ನಾನು ಕೋಚ್.

ಕಾಲುವೆ ನೀರಿನ ನಾಡು ಅದು. ಒಂದು ಭತ್ತ ಕೊಯ್ದು ಇನ್ನೊಂದು ನಾಟಿಯಾಗುವ ತನಕ ಗದ್ದೆ ನಮ್ಮ ಮೈದಾನ. ಭತ್ತದ ಕೂಳೆ ಬರಿಗಾಲಿಗೆ ಚುಚ್ಚುತ್ತಿತ್ತು. ಹುಡುಗರು ಒಂದಿಷ್ಟು ಕಲಿತರು ಅನ್ನುವಷ್ಟರಲ್ಲಿ ಯಾರೋ ಬದುವಿನ ಮೇಲೆ ಓಡಿಬಂದು "ನೀರು ಬಿಟ್ಟಾರ" ಎನ್ನುತ್ತಿದ್ದ. ತಕ್ಷಣ ಅರ್ಧ ತಂಡ ಸಲಿಕೆ ಹಿಡಿದುಕೊಂಡು ಮಾಯ. ಮೈದಾನದಲ್ಲಿ ನಾನು, ಚೆಂಡು ಮತ್ತು ಗೋಲಿನಲ್ಲಿ ನಿಲ್ಲುವ ಕ್ಯಾಂಪಿನ ಹುಡುಗ ಉಳಿಯುತ್ತಿದ್ದೆವು. ಆಂಧ್ರದಿಂದ ಬಂದು ನೆಲೆಸಿದವರ ಮಗ, ತೆಲುಗು ಮಾತಾಡುವವನು. ಅವರ ನೀರಿನ ಪಾಳಿ ಬೇರೆ ದಿನ ಇರುತ್ತಿತ್ತು.

ಅದನ್ನೂ ಸಹಿಸಿಕೊಂಡೆ. ಸಹಿಸಲು ಆಗದ್ದು ಮತ್ತದೇ ರೋಗ. ಸುತ್ತಲ ಊರುಗಳ ಯಾವ ತಂಡ ಬಂದರೂ ಅದರಲ್ಲಿ ಒಬ್ಬ ವಳಕಮದಿನ್ನಿಯ ಅಳಿಯ, ಇಲ್ಲವೇ ಬೀಗರ ಮಗ, ಇಲ್ಲವೇ ನಾಳೆ ಆಗಬಹುದಾದ ಅಳಿಯ. ಹೆಣ್ಣು ನೋಡಿ ಹೋಗಿದ್ದಾರೆ, ಮಾತು ನಡೆಯುತ್ತಿದೆ ಎಂದು ಕೂಡ ನಮ್ಮವರು ಸರಿದು ನಿಲ್ಲುತ್ತಿದ್ದರು. ಆಟಕ್ಕೆ ಮುಂಚೆ ನಾನು ಎದುರಾಳಿಗಳ ಆಟದ ಬಗ್ಗೆ ವಿಚಾರಿಸುವುದನ್ನು ಬಿಟ್ಟು ನೆಂಟಸ್ತಿಕೆ ವಿಚಾರಿಸಬೇಕಾಯಿತು. ಯಾರ ಸಂಬಂಧಿಯೂ ಅಲ್ಲದ ಕ್ಯಾಂಪಿನ ಹುಡುಗನೊಬ್ಬನೇ ಎಲ್ಲರನ್ನೂ ಒಂದೇ ಸಮನಾಗಿ ತಡೆಯುತ್ತಿದ್ದ.

ಆಗ ನನಗೊಂದು ಉಪಾಯ ಹೊಳೆಯಿತು. ಎರಡು ಇಟ್ಟಿಗೆ ತಂದು ಪಾದಗಳ ಹಾಗೆ ಪಕ್ಕಪಕ್ಕದಲ್ಲಿ ಇಟ್ಟು, ನಡುವೆ ಚೆಂಡು ಇಟ್ಟೆ. "ಇವು ಅಳಿಯನ ಕಾಲು" ಎಂದೆ. "ಓಡಿ ಬಂದು ಚೆಂಡು ತಗೀಬೇಕು. ಇಟ್ಟಿಗಿಗೆ ಕಾಲು ತಾಗಬಾರದು. ಚೆಂಡಿಗೆ ಕಾಲು ಹಾಕಾಕ ಯಾರ ಹಂಗಿಲ್ಲ. ಕಾಲು ತಾಗಿದ್ರ ತಾನ ನಮಸ್ಕಾರ?" ಗದ್ದೆ ತುಂಬ ಇಟ್ಟಿಗೆ ಜೋಡಿಸಿ ದಿನವೂ ಇದನ್ನೇ ಮಾಡಿಸಿದೆ. ದಾರಿಯಲ್ಲಿ ಹೋಗುವವರು ಮಾಸ್ತರ ಗೋಡೆ ಕಟ್ಟಿಸುತ್ತಾನೋ ಏನೋ ಎಂದು ನಿಂತು ನೋಡುತ್ತಿದ್ದರು. ಒಬ್ಬನ ಕಾಲು ಇಟ್ಟಿಗೆಗೆ ಬಡಿಯಿತು. ಅವನು ಬಾಗಿ ಇಟ್ಟಿಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಾನು ಸೀಟಿಯನ್ನು ನೆಲಕ್ಕೆ ಬಿಸಾಕಿ ಮನೆಗೆ ಹೋದೆ.

ಆದರೆ ಒಬ್ಬನಿಗೆ ಅದು ಹತ್ತಿತು. ನಡುವೆ ಆಡುವ ಹುಡುಗ, ನನ್ನ ಹಾಫ್. ಹಗಲೆಲ್ಲ ಕೂಲಿಗೆ ಹೋಗಿ ಬಂದು, ಸಂಜೆ ಎಲ್ಲರೂ ಹೋದ ಮೇಲೂ ಇಟ್ಟಿಗೆಗಳ ನಡುವಿನಿಂದ ಚೆಂಡು ತೆಗೆಯುತ್ತಿದ್ದ. ಇಟ್ಟಿಗೆ ಅಲುಗುತ್ತಿರಲಿಲ್ಲ. ಚೆಂಡು ತೆಗೆದವನು ತಲೆ ಎತ್ತುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ತಿಳಿದಿರುತ್ತಿದ್ದ. ನಾನು ಯಾರನ್ನೂ ಎದುರಿಗೆ ಹೊಗಳುವವನಲ್ಲ. ಅವನಿಗೂ ಬೈಯುತ್ತಿದ್ದೆ, ಉಳಿದವರಿಗಿಂತ ಸ್ವಲ್ಪ ಕಡಿಮೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಗೆಯ ಕೊನೆಯಲ್ಲಿ ಸಿಂಧನೂರಿನ ಮೈದಾನದಲ್ಲಿ ನಮಗೂ ಮಸ್ಕಿಯವರಿಗೂ ಆಟ ಗೊತ್ತಾಯಿತು. ಜಿಲ್ಲಾ ತಂಡಕ್ಕೆ ಆರಿಸುವವರು ಬರುತ್ತಾರೆ ಎಂದು ಸುದ್ದಿ ಬಂತು. ನನ್ನ ಹಾಫ್‌ಗೆ ಇದು ದಾರಿ. ಜಿಲ್ಲಾ ತಂಡಕ್ಕೆ ಹೋದರೆ ಪೊಲೀಸ್ ಇಲಾಖೆಯಲ್ಲೋ ಸಾರಿಗೆಯಲ್ಲೋ ಆಟಗಾರನೆಂದು ಕೆಲಸ ಸಿಕ್ಕೀತು. ಇಲ್ಲವಾದರೆ ಬೇರೆಯವರ ಗದ್ದೆಯಲ್ಲಿ ಸಲಿಕೆ. ನಾನು ಎಂದಿನಂತೆ ಮಸ್ಕಿ ತಂಡದ ನೆಂಟಸ್ತಿಕೆ ವಿಚಾರಿಸಿದೆ. ಅವರ ಮುಂದಾಳು, ಅಂದರೆ ಮುಂದೆ ಆಡುವವನು, ಚೆಂಡು ಹಿಡಿದರೆ ಗೋಲಿನ ತನಕ ಹೋಗುವವನು, ನನ್ನ ಹಾಫ್‌ನ ಅಕ್ಕನ ಗಂಡ. ಮದುವೆಯಾಗಿ ಒಂದು ಬೇಸಗೆಯೂ ಪೂರ್ತಿ ಆಗಿರಲಿಲ್ಲ.

ಹಣೆ ಹಣೆ ಚಚ್ಚಿಕೊಂಡೆ.

ಆಟದ ಹಿಂದಿನ ದಿನ ಹುಡುಗನ ತಾಯಿ ನಮ್ಮ ಮನೆಗೆ ಬಂದಳು. ಕಟ್ಟೆಯ ಮೇಲೆ ಕೂರಲೂ ಇಲ್ಲ. "ಸರ್ರ, ನನ್ನ ಮಗನಿಗೆ ಹೇಳ್ರಿ, ಅಳಿಯನ ಕಡಿ ಹೋಗಬ್ಯಾಡ ಅಂತ" ಎಂದಳು. "ನನ್ನ ಮಗಳ ಅತ್ತಿ ಮೊದಲ ಬಿರುಸು. ಮಂದ್ಯಾಗ ಅಳಿಯನ್ನ ಕೆಡವಿದ್ರ ನಾಗರ ಪಂಚಮಿಗೆ ಹುಡುಗಿನ್ನ ತವರಿಗೆ ಕಳಸಂಗಿಲ್ಲ. ಮೊದಲ್ನೇ ಪಂಚಮಿ ಐತ್ರಿ ಆಕಿದು."

"ನಿಮ್ಮ ಮಗಂದು ಬಾಳೇನ ಐತಿ ಇದರಾಗ" ಎಂದೆ ನಾನು.

"ಗೊತ್ತೈತ್ರಿ. ಆದ್ರ ಮಗಳು ಮಗಳಲ್ಲೇನ್ರಿ?"

ಇಂಥ ಮಾತು ಬಂದಾಗ ನಾನು ಮಾಡುವುದೊಂದೇ, ಗದರುವುದು. ಮೈದಾನದಲ್ಲಿ ಬೀಗರಿಲ್ಲ, ಅಳಿಯರಿಲ್ಲ ಎಂದು ಏನೇನೋ ಕೂಗಾಡಿದೆ. ಅವಳು ತಲೆ ಬಗ್ಗಿಸಿಕೊಂಡು ಹೋದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಳು.

ಮರುದಿನ ಅವಳು ತಾನೂ ಸಿಂಧನೂರಿಗೆ ಬರುವುದಾಗಿ ಹೇಳಿದಳು. ಪಂಚಮಿಗೆ ಸೀರೆ ತರಬೇಕಿತ್ತಂತೆ. ಅಂಗಡಿ ಮುಗಿಸಿಕೊಂಡು ಮೈದಾನಕ್ಕೆ ಬಂದು, ಹೆಂಗಸರು ಕೂತಿದ್ದ ಕಡೆ ಹೋಗಿ ಕೂತಳು. ಮದುವೆಯಾಗಿ ಅಷ್ಟು ವರ್ಷವಾದರೂ ಅವಳು ಫುಟ್‌ಬಾಲ್ ನೋಡಿದ್ದು ಅದೇ ಮೊದಲು. ಮಸ್ಕಿಯವರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಂದಿ ತುಂಬಿಕೊಂಡು ಬಂದಿದ್ದರು. ಅದರಲ್ಲಿ ನನ್ನ ಹಾಫ್‌ನ ಅಕ್ಕನೂ ಇದ್ದಳು. ತಲೆ ಮೇಲೆ ಸೆರಗು, ಕೈತುಂಬ ಹೊಸ ಹಸಿರು ಬಳೆ, ಪಕ್ಕದಲ್ಲಿ ಅತ್ತೆ.

ಆರಿಸಲು ಬಂದವರು ಅದೇ ಹಿರಿಯರು. ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಎಲ್ಲೋ ನೋಡಿದ ಹಾಗಿದೆ ಎಂದು ಹುಬ್ಬು ಗಂಟುಹಾಕಿ, ಆಮೇಲೆ ಮುಖ ಅರಳಿಸಿದರು. "ಪಾಮನಕಲ್ಲೂರಿನ ಅಳಿಯ ಅಲ್ರೀ ನೀವು?" ಎಂದರು. ನನ್ನ ಆಟವೆಲ್ಲ ಸೇರಿ ಅವರ ತಲೆಯಲ್ಲಿ ಉಳಿದದ್ದು ಇಷ್ಟು.

ಮೊದಲರ್ಧ ನಾನು ಹೆದರಿದಂತೆಯೇ ಆಯಿತು. ಅಳಿಯ ಚೆಂಡು ಹಿಡಿದು ಬಂದ, ನನ್ನ ಹಾಫ್ ಸರಿದು ನಿಂತ. ಮತ್ತೆ ಬಂದ, ಮತ್ತೆ ಸರಿದ. ಅಳಿಯ ಹೋಗಿ ಗೋಲು ಹಾಕಿದ. ಇನ್ನೊಂದು ಸಲ ಹುಡುಗ ಮನಸ್ಸು ಗಟ್ಟಿ ಮಾಡಿ ಮುಂದೆ ಹೋದ, ಆದರೆ ಅರ್ಧ ಮನಸ್ಸಿನಿಂದ ಹೋದದ್ದಕ್ಕೆ ಕಾಲಿಗೆ ಕಾಲು ತಾಗಿತು, ಕೈ ತಾನಾಗಿ ಕೆಳಗೆ ಹೋಯಿತು. ಜನ ನಕ್ಕರು. ಆರಿಸುವವರು ಬೇರೆ ಕಡೆ ನೋಡಿದರು. ನನಗೆ ಎರೆ ಹೊಲ, ಬೇವಿನ ಗಿಡ, ಹೊರಸು ಎಲ್ಲ ಕಣ್ಣ ಮುಂದೆ ಬಂದು ನಿಂತವು.

ಬಿಡುವಿನಲ್ಲಿ ಅವನ ಅಂಗಿ ಹಿಡಿದು ಕೇಳಿದೆ. "ಇಟ್ಟಿಗಿ ನಡುವಿಂದ ತಗೀತಿದ್ದೆಲ್ಲಲೇ, ಅದನ್ನ ಮಾಡಾಕ ಏನ್ ಧಾಡಿ?"

"ಇಟ್ಟಿಗಿಗೆ ಪಂಚಮಿ ಇರಂಗಿಲ್ರಿ ಸರ್ರ" ಎಂದ. ಕಣ್ಣು ಒದ್ದೆಯಾಗಿದ್ದವು. "ಅಕ್ಕ ಅಲ್ಲೇ ಕುಂತಾಳ."

ಅಂಗಿ ಬಿಟ್ಟೆ. ಹೋಗು, ನಿನಗೆ ಹೇಗೆ ತಿಳಿಯುತ್ತದೋ ಹಾಗೆ ಆಡು ಎಂದೆ. ಕೋಚ್ ಆದವನು ಹೇಳಬಾರದ ಮಾತು ಅದು.

ಎರಡನೇ ಅರ್ಧ ಸುರುವಾಗಿ ಸ್ವಲ್ಪ ಹೊತ್ತಿಗೆ ಅಳಿಯ ಮತ್ತೆ ಚೆಂಡು ಹಿಡಿದು ಬಂದ. ಹೆಂಗಸರು ಕೂತ ಕಡೆಯಿಂದಲೇ ಬಂದ. ನನ್ನ ಹಾಫ್ ಎದುರಾದ, ನಿಂತ, ಒಂದು ಹೆಜ್ಜೆ ಸರಿದ. ಆಗ ಹೆಂಗಸರ ನಡುವಿನಿಂದ ಅವನ ಅಕ್ಕ ಎದ್ದು ನಿಂತಳು. ಸೆರಗು ತಲೆಯ ಮೇಲೆ ಹಾಗೇ ಇತ್ತು, ದನಿ ಮಾತ್ರ ಗದ್ದೆಯ ಆ ಬದುವಿನಿಂದ ಈ ಬದುವಿಗೆ ಕರೆಯುವ ದನಿ.

"ಲೇ ತಮ್ಮಾ, ಯಾಕ ಸರದು ನಿಂದರ್ತಿ? ನನ್ನ ಸಲುವಾಗಿ ನಿನ್ನ ಆಟ ಕೆಡಸಬ್ಯಾಡ. ಹಿಡಿ ಅವ್ರನ್ನ."

ಅತ್ತೆ ಅವಳ ಸೆರಗು ಹಿಡಿದು ಜಗ್ಗಿದಳು, ಅವಳು ಕೂರಲಿಲ್ಲ. ಅಳಿಯನಿಗೂ ಕೇಳಿಸಿತ್ತು. ಅವನು ನಿಲ್ಲಲಿಲ್ಲ, ಇನ್ನೂ ಜೋರಾಗಿ ಬಂದ. ನನ್ನ ಹಾಫ್ ಎರಡು ಹೆಜ್ಜೆ ಮುಂದೆ ಹೋಗಿ, ಇಟ್ಟಿಗೆಗಳ ನಡುವಿನಿಂದ ತೆಗೆದಂತೆ ಚೆಂಡು ತೆಗೆದ. ಅಳಿಯ ಚೆಂಡಿಲ್ಲದೆ ಹಾಗೇ ನಾಲ್ಕು ಹೆಜ್ಜೆ ಓಡಿಹೋದ. ಹುಡುಗನ ಕೈ ರೂಢಿಯಂತೆ ಕೆಳಗೆ ಹೊರಟಿತ್ತು. ಕಾಲು ತಾಗಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಕೈ ಅರ್ಧಕ್ಕೇ ನಿಂತಿತು. ತಲೆ ಎತ್ತದೆಯೇ ಚೆಂಡನ್ನು ಬಲಕ್ಕೆ, ನಮ್ಮ ಮುಂದಾಳಿನ ಕಾಲಿಗೆ ನೆಟ್ಟಗೆ ಕೊಟ್ಟ. ಅಂಥ ಪಾಸು ನಾನು ಟಿವಿಯಲ್ಲಿ ಒಂದೇ ಸಲ ನೋಡಿದ್ದೆ.

ನಮ್ಮ ಮುಂದಾಳಿನ ಎದುರಿಗೆ ಬರೀ ಗೋಲು. ಆ ಪುಣ್ಯಾತ್ಮ ಕಣ್ಣು ಮುಚ್ಚಿ ಒದ್ದ. ಚೆಂಡು ಗೋಲಿನ ಮೇಲಿಂದ ಹಾರಿ, ಕಾಂಪೌಂಡ್ ದಾಟಿ, ರಸ್ತೆಯಲ್ಲಿ ಹೋಗುತ್ತಿದ್ದ ಭತ್ತದ ಲಾರಿಯ ಮೇಲೆ ಬಿತ್ತು. ಲಾರಿ ನಿಲ್ಲಲಿಲ್ಲ. ಬೇರೆ ಚೆಂಡು ಇರಲಿಲ್ಲ. ಯಾರೋ ಬೈಕ್ ಹತ್ತಿ ಬೆನ್ನುಹತ್ತಿ ಹೋಗಿ ತರುವ ತನಕ ಎಲ್ಲರೂ ಬಿಸಿಲಲ್ಲಿ ಕೂತೆವು. ಆಮೇಲೆ ಅಳಿಯ ಎಷ್ಟು ಸಲ ಬಂದರೂ ನನ್ನ ಹಾಫ್ ಅವನನ್ನು ದಾಟಲು ಬಿಡಲಿಲ್ಲ. ಆದರೂ ಮೊದಲು ಬಿಟ್ಟುಕೊಟ್ಟ ಆ ಗೋಲಿನಿಂದಲೇ ಸೋತೆವು.

ಆರಿಸುವವರು ನನ್ನ ಹತ್ತಿರ ಬಂದು "ಆ ನಡುವಿನ ಹುಡುಗನ್ನ ರಾಯಚೂರಿಗೆ ಕಳಸ್ರಿ" ಎಂದರು. ಹುಡುಗ ಹೋದ. ಪಂಚಮಿಗೆ ಅವನ ಅಕ್ಕನೂ ಬಂದಳು, ಗಂಡನೇ ಬೈಕಿನ ಮೇಲೆ ಕರೆತಂದು ಬಿಟ್ಟ. ಅತ್ತೆ ಮುಖ ಊದಿಸಿಕೊಂಡಿದ್ದಳಂತೆ. ಗಂಡ ಮಾತ್ರ ಹೊಲದ ಬದುವಿನಲ್ಲಿ ಕೂತು, ಚೆಂಡು ಹೇಗೆ ತೆಗೆದೆ, ತೋರಿಸು ಎಂದು ಹೆಂಡತಿಯ ತಮ್ಮನ ಬೆನ್ನು ಹತ್ತಿದ್ದನಂತೆ. ನನ್ನ ಇಟ್ಟಿಗೆಗಳು ಆ ವರ್ಷ ಮಸ್ಕಿಗೂ ಹೋದವು.

ಆಟದ ದಿನ ಸಂಜೆ ನಾನು ಮತ್ತು ಹೆಂಡತಿ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಬಸ್ಸು ಬರಲಿಲ್ಲ. ನಾನು ಗೊಣಗುತ್ತಲೇ ಇದ್ದೆ. ಮುಂದಾಳಿಗೆ ಬೈದೆ, ಲಾರಿಗೆ ಬೈದೆ, ಆಮೇಲೆ ಆ ಅಕ್ಕನಿಗೂ ಬೈದೆ. "ಆ ಹುಡುಗಿ ಇದನ್ನ ಮೊದಲ ಹೇಳಿದ್ರ ಆ ಗೋಲು ಆಗತಿರಲಿಲ್ಲ. ಆಟ ಸೋಲತಿರಲಿಲ್ಲ."

"ಆಕಿನ್ನ ಮೊದಲ ಯಾರರ ಕೇಳಿದ್ರೇನು?" ಎಂದಳು ಹೆಂಡತಿ. "ಆಕಿ ಅವ್ವ ನಿಮ್ಮನ್ನ ಕೇಳಿದ್ಲು, ನೀವು ಹುಡುಗನ್ನ ಕೇಳಿದ್ರಿ. ಎಲ್ಲಾರೂ ಆಕಿ ಸಲುವಾಗೇ ಬಡದಾಡಿದ್ರಿ. ಆಕಿಗೆ ಏನ್ ಬೇಕು ಅಂತ ಆಕಿನ್ನ ಒಬ್ರೂ ಕೇಳಲಿಲ್ಲ."

ಬಸ್ಸು ಬಂತೇನೋ ಎಂದು ನಾನು ಎದ್ದು ರಸ್ತೆಯ ತನಕ ಹೋಗಿ ಬಂದೆ.

"ಅವತ್ತು ನಮ್ಮೂರಾಗ ನಾ ಹೊಲಕ್ಕ ಬಂದಿದ್ರ ನಾನೂ ಎದ್ದು ನಿಂದರ್ತಿದ್ದೆ" ಎಂದಳು. "ಹಿಡೀರಲೇ ಇವ್ರನ್ನ ಅಂತ ನಮ್ಮ ಅಣ್ಣತಮ್ಮಂದ್ರಿಗೆ ಹೇಳತಿದ್ದೆ. ನಿಮ್ಮ ಆಟಾನೂ ತಿಳೀತಿತ್ತು."

"ಮತ್ತ ಯಾಕ ಬರಲಿಲ್ಲ?"

"ಕರದ್ರೇನು ನೀವು? ಅಡಗಿಮನ್ಯಾಗ ಹೋಳಿಗಿ ಮಾಡಾಕತ್ತಿದ್ದೆ. ಅದನ್ನೂ ತಿನ್ನದ ಹೋದ್ರಿ."

ನನ್ನ ಆಟ ಕೆಡಿಸಿದವರೆಂದು ಅಷ್ಟು ವರ್ಷ ಮಾವನಿಗೆ ಬೈದಿದ್ದೆ, ಅವನ ಮಕ್ಕಳಿಗೆ ಬೈದಿದ್ದೆ, ಇಡೀ ಪಾಮನಕಲ್ಲೂರಿಗೆ ಬೈದಿದ್ದೆ. ಆ ಸಂಜೆ ಬೈಯಲು ಯಾರೂ ಸಿಗಲಿಲ್ಲ. ಆ ಹೊತ್ತಿಗೆ ಬಸ್ಸು ಬಂತು. ತಡವಾಯಿತೆಂದು ಕಂಡಕ್ಟರನಿಗೆ ಬೈದೆ.

ಅವಳು ಮೊದಲು ಹತ್ತಿ ಸೀಟು ಹಿಡಿದಿದ್ದಳು. ಜನ ಓಡಾಡುವ ನಡುದಾರಿಯ ತುದಿಗೇ ಕೂತು, ಮೊಣಕಾಲ ಮೇಲೆ ಸೀರೆಯ ಗಂಟು ಇಟ್ಟುಕೊಂಡಿದ್ದಳು. ಕಿಟಕಿ ಪಕ್ಕದ ಜಾಗ ಖಾಲಿ ಇತ್ತು. ನನ್ನ ಮೊಣಕಾಲು ಬೇರೆ ನೋಯುತ್ತಿತ್ತು.

"ಸ್ವಲ್ಪ ಸರಿ" ಎಂದೆ.

"ನಾ ಸರಿಯಂಗಿಲ್ಲ" ಎಂದಳು. "ಆಟಗಾರ ಅದೀರಲ್ಲ, ದಾಟಿ ಬರ್ರಿ."

ಬಸ್ಸು ಹೊರಟಿತು. ಕಂಬಿ ಹಿಡಿದು ನಿಂತುಕೊಂಡೆ. ಪಾಮನಕಲ್ಲೂರಿನವರೊಬ್ಬರು ನನಗೆ ಅಡ್ಡ ಬಂದದ್ದು ಅದೇ ಮೊದಲು.